ಮಗ್ಗದ ಗುಂಡಿಯಲ್ಲಿ ಬೆಂಕಿ

ಮೊನ್ನೆ ಮೊಮ್ಮಗ ಮಂಡಿಯಿಂದ ಒಂದು ಬುಟ್ಟಿ ಸೇಲಂ ಮಾವಿನಹಣ್ಣು ತಂದು ಅಡುಗೆಮನೆಯಲ್ಲಿ ಇಟ್ಟ. ಮೇಲಿನ ಹುಲ್ಲು ಸರಿಸಿದೆ ನೋಡಿ, ಹಣ್ಣಿನ ವಾಸನೆಗಿಂತ ಮುಂಚೆ ಇನ್ನೊಂದು ವಾಸನೆ ಮೂಗಿಗೆ ಬಡಿಯಿತು. ಬೆಳ್ಳುಳ್ಳಿಯನ್ನು ಒದ್ದೆ ಸುಣ್ಣದ ಜೊತೆ ಅರೆದಂಥ, ಗಂಟಲು ಹಿಡಿಯುವ ವಾಸನೆ. ಬುಟ್ಟಿಯ ತಳದಲ್ಲಿ ಒಂದು ಕಾಗದದ ಪೊಟ್ಟಣ, ಅದರೊಳಗೆ ಬೂದು ಬಣ್ಣದ ಕಾರ್ಬೈಡ್ ಕಲ್ಲು. ಈಗ ಅದನ್ನು ಕಾಯಿ ಹಣ್ಣು ಮಾಡಲು ಇಡುತ್ತಾರಂತೆ. ಅರವತ್ತು ದಾಟಿದ ಹೆಂಗಸು ನಾನು, ಮನೆಯಲ್ಲಿ ಎಲ್ಲರನ್ನೂ ಹೆದರಿಸಿ ಇಟ್ಟುಕೊಂಡವಳು. ಆ ಪೊಟ್ಟಣ ಹಿಡಿದು ನಿಂತಲ್ಲೇ ಬೆವೆತುಬಿಟ್ಟೆ. ನಿಮ್ಮಲ್ಲೂ ಕೆಲವರಿಗೆ ಹೀಗಾಗಿರಬೇಕು. ಮನೆ ಹೋಗಿ, ಮನೆಯ ಜನ ಹೋಗಿ, ಅವರ ಮುಖಗಳೂ ಮಸುಕಾದ ಮೇಲೆ ಯಾವುದೋ ಒಂದು ವಾಸನೆ ಮಾತ್ರ ಕೇಳದೆ ಒಳಗೆ ಬಂದು ಕೂರುತ್ತದೆ. ನಾನು ಮತ್ತೆ ಒಂಬತ್ತು ವರ್ಷದ ಚೌಡಿಯಾಗಿ ಸೇಲಂ ಊರಿನ ಗುಗೈ ಪೇಟೆಯ ನಮ್ಮ ಮನೆಯ ಬಾಗಿಲ ಸಂದಿಯಲ್ಲಿ ನಿಂತಿದ್ದೆ.

ಆ ಬೀದಿಯಲ್ಲಿ ಎಲ್ಲರೂ ಕನ್ನಡ ಮಾತಾಡುವ ನೇಕಾರರು. ಬೆಳಗಾದರೆ ಈ ತುದಿಯಿಂದ ಆ ತುದಿಯವರೆಗೆ ಮಗ್ಗದ ಸದ್ದು. ನಮ್ಮ ಮನೆಯೊಂದರಲ್ಲಿ ಮಾತ್ರ ಸದ್ದು ಬೇರೆ. ಅಪ್ಪ ಹುಡುಗನಾಗಿದ್ದಾಗ ಮಗ್ಗ ಬಿಟ್ಟು ಮೆಟ್ಟೂರಿಗೆ ಓಡಿಹೋಗಿ, ಅಲ್ಲಿ ಅಣೆಕಟ್ಟು ಕಟ್ಟುವ ಕಡೆ ಗ್ಯಾಸಿನಿಂದ ಲೋಹ ಬೆಸೆಯುವ ಕೆಲಸ ಕಲಿತು ಬಂದಿದ್ದ. ತಾತ ಸತ್ತ ಮೇಲೆ, ನೇಯುವ ಕೋಣೆಯಾಗಿದ್ದ ಮುಂದಿನ ಸಾಲೆಯಿಂದ ಹಳೆಯ ಮಗ್ಗ ಬಿಚ್ಚಿ ಅಟ್ಟಕ್ಕೆ ಹಾಕಿದ. ನೇಯುವವರು ಕಾಲು ಇಳಿಬಿಟ್ಟು ಕೂರುವ ಗುಂಡಿ ಮಾತ್ರ ಹಾಗೇ ಉಳಿಯಿತು. ಅಪ್ಪ ಅದರ ಸುತ್ತ ಇಟ್ಟಿಗೆ ಕಟ್ಟಿ, ಇದ್ದಿಲು ತುಂಬಿ, ಬಸ್ಸು ಕಾರುಗಳ ಒಡೆದ ಭಾಗಗಳನ್ನು ಕಾಯಿಸುವ ಒಲೆ ಮಾಡಿಕೊಂಡ.

ಅಮ್ಮ ನನಗೆ ಮೂರು ತುಂಬುವ ಮೊದಲೇ ಹೋಗಿದ್ದಳು. ಸಾಕಿದವಳು ಅಪ್ಪನ ತಾಯಿ, ತಾರಮಂಗಲದ ಕಡೆಯಿಂದ ಬಂದ ಅಜ್ಜಿ. ಅಜ್ಜಿಯ ಲೆಕ್ಕದಲ್ಲಿ ಮಗ್ಗದ ಗುಂಡಿ ಎಂದರೆ ನಮ್ಮ ಕುಲದೇವತೆ ಚೌಡಮ್ಮ ತಾಯಿ ಕೂರುವ ಜಾಗ. ಹಬ್ಬದ ದಿನ ಅದರ ಅಂಚಿಗೆ ಅರಿಸಿನ ಕುಂಕುಮ ಇಟ್ಟು ಕೈಮುಗಿದವಳು ಅವಳು. ಅಲ್ಲಿ ಮೊದಲ ಬಾರಿ ಇದ್ದಿಲು ಹೊತ್ತಿದ ದಿನ ಅವಳು ಎದೆ ಬಡಿದುಕೊಂಡದ್ದು ನನಗೆ ಇನ್ನೂ ಕೇಳಿಸುತ್ತದೆ.

"ತಾಯಿ ಕುಂತ ಗುಂಡೀಲಿ ಬೆಂಕಿ ಇಕ್ತೀಯೇನ್ಲಾ? ಆಯಮ್ಮ ಸುಮ್ನೆ ಬುಡ್ತಾಳಾ? ನಿನ್ನ ಕಣ್ಣೇ ಕಿತ್ಕಂತಾಳೆ, ನೋಡ್ತಿರು."

ಅಪ್ಪ ನಕ್ಕು, "ಆಯಮ್ಮಂಗೂ ಚಳಿಗಾಲ್ದಲ್ಲಿ ಬೆಚ್ಚಗಿರ್ಲಿ ಬುಡವ್ವಾ" ಎಂದ. ಅವನು ನಕ್ಕನಲ್ಲ, ಅದಕ್ಕೇ ನನಗೆ ಹೆಚ್ಚು ಭಯವಾಯಿತು. ದೇವರ ಮುಂದೆ ನಗುವವರಿಗೆ ಏನಾಗುತ್ತದೆ ಎಂಬ ಕತೆಗಳನ್ನು ಅಜ್ಜಿ ನನಗೆ ತಲೆ ಬಾಚುವಾಗ ಒಂದೊಂದಾಗಿ ಹೇಳಿದ್ದಳು. ನನಗಿದ್ದದ್ದು ಅಪ್ಪ ಒಬ್ಬನೇ.

ಆ ಸಾಲೆಯಲ್ಲಿ ಹೆದರಲು ಬೇಕಾದಷ್ಟಿತ್ತು. ಮೂಲೆಯಲ್ಲಿ ಕಬ್ಬಿಣದ ಪೀಪಾಯಿ. ಅದರೊಳಗೆ ನೀರಿನ ಮೇಲೆ ಕಾರ್ಬೈಡ್ ಕಲ್ಲು ಬಿದ್ದರೆ ಗುಳುಗುಳು ಸದ್ದಾಗಿ ಗ್ಯಾಸ್ ಏಳುತ್ತಿತ್ತು. ದೀಪ ಹಿಡಿದು ಅದರ ಹತ್ತಿರ ಹೋದರೆ ಮನೆಯೇ ಹಾರಿಹೋಗುತ್ತದೆ ಎಂದು ಅಪ್ಪ ಹೇಳಿದ್ದರಿಂದ ನಾನು ಹಗಲಲ್ಲೂ ಅದನ್ನು ಸುತ್ತಿ ಬಳಸಿ ನಡೆಯುತ್ತಿದ್ದೆ. ಅಪ್ಪ ಕಪ್ಪು ಕನ್ನಡಕ ಹಾಕಿ ಬೆಂಕಿಕಡ್ಡಿ ಗೀರಿದರೆ ಗ್ಯಾಸಿನ ನಳಿಗೆಯ ಬಾಯಲ್ಲಿ 'ಠಪ್' ಎಂದು ಜ್ವಾಲೆ ಏಳುತ್ತಿತ್ತು. ಆ ಕನ್ನಡಕದಲ್ಲಿ ಅವನಿಗೆ ಕಣ್ಣೇ ಇಲ್ಲದಂತೆ ಕಾಣುತ್ತಿತ್ತು, ಅಜ್ಜಿ ಹೇಳಿದ್ದು ಆಗಲೇ ನಡೆದುಹೋಗಿದೆಯೇನೋ ಅನ್ನಿಸುತ್ತಿತ್ತು. ಕೆಲಸ ಮುಗಿಸಿ ಅವನು ಕನ್ನಡಕ ತೆಗೆಯುವವರೆಗೆ ನಾನು ಉಸಿರು ಬಿಗಿಹಿಡಿದು ಕಾಯುತ್ತಿದ್ದೆ. ಎರಡೂ ಕಣ್ಣು ಜಾಗದಲ್ಲಿ ಇವೆ ಎಂದು ಗೊತ್ತಾದ ಮೇಲೆಯೇ ಆಟಕ್ಕೆ ಓಡುತ್ತಿದ್ದದ್ದು. ಒಮ್ಮೆ ಬೆಸುಗೆಯ ಪುಡಿ ಸಿಡಿದು ಅವನ ಬಲಗಣ್ಣಿಗೆ ಬಿತ್ತು. ಮೂರು ದಿನ ಕಣ್ಣು ಕೆಂಪಗೆ ಊದಿಕೊಂಡಿತ್ತು. ಎದುರು ಮನೆಯ ಬಾಣಂತಿಯ ಎದೆಹಾಲು ತಂದು ಬಿಟ್ಟು ವಾಸಿ ಮಾಡಿದ ಅಜ್ಜಿ, ಕಣ್ಣು ಒರೆಸುತ್ತಾ ಹೇಳಿದ್ದು ಇಷ್ಟೇ: "ಇದು ಮೊದ್ಲು. ಆಯಮ್ಮನ್ನ ತಂಪು ಮಾಡ್ಬೇಕು, ಇಲ್ದಿದ್ರೆ ಎರಡ್ನೇ ಸಲಕ್ಕೆ ಕಣ್ಣೇ ಓಯ್ತದೆ."

ಅದಾದ ಹದಿನೈದು ದಿನಕ್ಕೆ ಆ ಹೆಡ್ಡು ಬಂತು. ಧರ್ಮಪುರಿಗೂ ಸೇಲಂಗೂ ಬಸ್ಸು ಓಡಿಸುತ್ತಿದ್ದ ಯಜಮಾನರೊಬ್ಬರು ಹೊಸ ಬಸ್ಸು ತರಿಸಿದ್ದರು. ಅದರ ಇಂಜಿನ್ನಿನ ಮೇಲೆ ಮುಚ್ಚಳದಂತೆ ಕೂರುವ ಹೆಡ್ಡು ಕಬ್ಬಿಣದ್ದಲ್ಲ, ಅಲ್ಯೂಮಿನಿಯಮ್ಮಿನದು. ತೊಪ್ಪೂರು ಘಾಟಿಯಲ್ಲಿ ಇಂಜಿನ್ ಕಾದು ಹೊಗೆ ಎದ್ದಾಗ ಡ್ರೈವರ್ ಮುನಿಸಾಮಿ ಗಾಬರಿಯಲ್ಲಿ ಒಂದು ಕೊಡ ತಣ್ಣೀರು ಸುರಿದಿದ್ದ. ಹೆಡ್ಡು ಬಿರಿದಿತ್ತು. ಮುನಿಸಾಮಿ ನಲ್ಲಂಪಳ್ಳಿ ಕಡೆಯ ಕನ್ನಡದ ಒಕ್ಕಲ ಹುಡುಗ. ಅದನ್ನು ಗೋಣಿಯಲ್ಲಿ ಸುತ್ತಿ ಹೆಗಲ ಮೇಲೆ ಹೊತ್ತು ತಂದು ಅಪ್ಪನ ಮುಂದೆ ಇಳಿಸಿ ಅಳುವ ಹಾಗಾದ.

"ಒಗೆ ಬತ್ತಾ ಇತ್ತಣ್ಣಾ, ಜನ ಎಲ್ಲಾ ಇಳ್ದು ಓಡಿದ್ರು. ಎನ್ನ ಪಣ್ರದು, ಏನ್ ಮಾಡ್ಲಿ? ತಣ್ಣಿ ಉಯ್ದುಬುಟ್ಟೆ."

"ಬುಡ್ಲಾ," ಎಂದ ಅಪ್ಪ, ಬಿರುಕಿನ ಮೇಲೆ ಬೆರಳಾಡಿಸುತ್ತಾ. "ಭಯದಲ್ಲಿ ಯಾರಾದ್ರೂ ನೀರೇ ಉಯ್ಯೋದು."

ಹಿಂದೆಯೇ ಯಜಮಾನರು ಬಂದರು. ಅವರದು ತಮಿಳು. ನೇಕಾರನ ಕೈಗೆ ಇಂಜಿನ್ ಕೊಡಬೇಡಿ, ಮದ್ರಾಸಿಗೆ ಕಳಿಸಿ ಎಂದು ಊರೆಲ್ಲ ಹೇಳುತ್ತಿದೆ ಎಂದರು. ಇದೊಂದು ಸರಿಯಾದರೆ ಅವರ ಬಸ್ಸುಗಳ ಕೆಲಸವೆಲ್ಲ ಅಪ್ಪನಿಗೇ. ಕೆಟ್ಟರೆ ಇನ್ನು ಯಾರೂ ಈ ಬಾಗಿಲಿಗೆ ಬರುವುದಿಲ್ಲ. ಅಪ್ಪ ತಲೆಯಾಡಿಸಿದ. ಅವರು ಹೋದ ಮೇಲೆ ಬಹಳ ಹೊತ್ತು ಆ ಹೆಡ್ಡನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ.

ಕಬ್ಬಿಣ ಕಾದರೆ ಕೆಂಪಾಗಿ ಹೇಳುತ್ತದೆ, ಅಲ್ಯೂಮಿನಿಯಂ ಹೇಳುವುದಿಲ್ಲ. ನೋಡಲು ತಣ್ಣಗಿದ್ದಂತೆಯೇ ಇದ್ದು ಒಂದು ಗಳಿಗೆಯಲ್ಲಿ ಗಂಜಿಯಂತೆ ಕುಸಿದುಬಿಡುತ್ತದೆ. ಅದಕ್ಕೆ ಅಪ್ಪನ ಉಪಾಯ ಬಟ್ಟೆ ಸೋಪು. ಬಿರುಕನ್ನು ಉಳಿಯಿಂದ ಅಗಲ ಮಾಡಿ, ಜಿಡ್ಡು ತೊಳೆದು, ಪಕ್ಕದಲ್ಲಿ ಸೋಪು ತಿಕ್ಕಿ, ಹೆಡ್ಡನ್ನು ಗುಂಡಿಯ ಕೆಂಡದ ಮೇಲೆ ಇಟ್ಟ. ಸೋಪಿನ ಗೆರೆ ಬಿಳುಪಿನಿಂದ ಹಳದಿಗೆ, ಹಳದಿಯಿಂದ ಕಂದಿಗೆ ತಿರುಗುವುದನ್ನು ಕಣ್ಣು ಮಿಟುಕಿಸದೆ ನೋಡುತ್ತಾ ಕೂತ. ಕಂದು ಕಪ್ಪಾಗುವ ಮೊದಲು ಜ್ವಾಲೆ ಹಿಡಿಯಬೇಕು. ಹಿಡಿದ. ಅಲ್ಯೂಮಿನಿಯಂ ಸರಳು ಕರಗಿ ಬಿರುಕಿನುದ್ದಕ್ಕೂ ಹರಿದು ಕೂತಿತು. ನಾನು ಬಾಗಿಲ ಸಂದಿಯಲ್ಲಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದೆ. ಕೊನೆಗೆ ಅವನು ಕನ್ನಡಕ ತೆಗೆದು ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ಕೆಲಸ ಚೆನ್ನಾಗಿ ಆಗಿತ್ತು. ಅವನ ಮುಖದಲ್ಲಿ ಅಷ್ಟು ಬೆಳಕು ನಾನು ಮತ್ತೆ ನೋಡಿದ್ದು ನೆನಪಿಲ್ಲ.

ಇನ್ನು ಉಳಿದದ್ದು ಆರಿಸುವುದು. ಬಿಸಿ ಹೆಡ್ಡನ್ನು ಗುಂಡಿಯಲ್ಲೇ ಬಿಸಿ ಬೂದಿಯೊಳಗೆ ಹೂತು, ಮೇಲೆ ಭತ್ತದ ಹೊಟ್ಟು ಮುಚ್ಚಿ, ಒಂದು ಹಗಲು ಒಂದು ರಾತ್ರಿ ತಾನಾಗಿ ತಣಿಯಲು ಬಿಡಬೇಕು. ಆಮೇಲೆ ಶೆವ್ವಾಪೇಟೆಯ ಲೇತಿನಲ್ಲಿ ಅದರ ಮುಖ ಕಡೆಸಿ ಮಟ್ಟ ಮಾಡಿದರೆ ಮುಗಿಯಿತು. "ಯಾರೂ ಮುಟ್ಬೇಡಿ" ಎಂದು ಹೇಳಿ ಅಪ್ಪ ಲೇತಿನವನಿಗೆ ಸುದ್ದಿ ಕೊಡಲು ಹೊರಟ. ಹೋಗುವಾಗ ಬಲಗಣ್ಣು ಉಜ್ಜಿಕೊಂಡ. ಬರೀ ಬೆವರು ಇಳಿದಿದ್ದಿರಬೇಕು. ನಾನು ಅದನ್ನು ನೋಡಿದೆ, ಅಜ್ಜಿಯೂ ನೋಡಿದಳು.

"ಬಂತು, ಎರಡ್ನೇದು," ಎಂದಳು ಅಜ್ಜಿ, ಮೆಲ್ಲಗೆ. ಆಮೇಲೆ ಹೂವು ಕಾಯಿ ತಗೊಂಡು ಗುಡಿಗೆ ಹೋದಳು.

ಮನೆಯಲ್ಲಿ ನಾನೊಬ್ಬಳೇ. ಮಟಮಟ ಮಧ್ಯಾಹ್ನ. ಗುಂಡಿಯ ಬೂದಿಯ ಮೇಲೆ ಬಿಸಿಗಾಳಿ ನಡುಗುತ್ತಿತ್ತು. ಅಮ್ಮನವರನ್ನು ತಂಪು ಮಾಡುವುದು ಹೇಗೆಂದು ನಮ್ಮ ಸೀಮೆಯ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೀದಿಯಲ್ಲಿ ಯಾರಿಗಾದರೂ ಸಿಡುಬಿನ ಅಮ್ಮ ಎದ್ದರೂ, ಮೈಮೇಲೆ ದೇವರು ಬಂದರೂ ಸುರಿಯುವುದು ಅರಿಸಿನದ ನೀರು. ಮುನಿಸಾಮಿ ನೀರು ಸುರಿದ ಕತೆ ನನಗೆ ನೆನಪಿರಲಿಲ್ಲ ಅಂತಲ್ಲ. ಅದು ಇಂಜಿನ್ನಿನ ಮಾತು. ನಾನು ನೀರು ಕೊಡುತ್ತಿದ್ದದ್ದು ಗುಂಡಿಗೆ, ಕೋಪ ಮಾಡಿಕೊಂಡು ಒಳಗೆ ಕೂತಿರುವ ತಾಯಿಗೆ. ಹಿತ್ತಾಳೆ ಚೊಂಬಿನಲ್ಲಿ ಮುಷ್ಟಿ ಅರಿಸಿನ ಕಲಸಿದೆ. ಎತ್ತುವಾಗ ಅರ್ಧ ಲಂಗದ ಮೇಲೆ ಚೆಲ್ಲಿತು. "ಅಪ್ಪನ ಕಣ್ಣು ಬುಟ್ಬುಡು ತಾಯೇ, ನಿನ್ ದಮ್ಮಯ್ಯ" ಎನ್ನುತ್ತಾ ಗುಂಡಿಯ ನಡುವಿಗೇ ಸುರಿದೆ.

ಚುಯ್ಯೆಂದು ಹಬೆ ಎದ್ದು ಮುಖಕ್ಕೆ ಬಡಿಯಿತು. ಅದರ ಹಿಂದೆಯೇ ಬೂದಿಯ ಆಳದಿಂದ ಒಂದು ಸಣ್ಣ ಸದ್ದು ಬಂತು, ಟಿಣ್ ಎಂದು. ತಾಯಿ ಉತ್ತರ ಕೊಟ್ಟಳು ಎಂದುಕೊಂಡೆ. ಒಳ್ಳೆಯ ಉತ್ತರವೋ ಕೆಟ್ಟದ್ದೋ ತಿಳಿಯಲಿಲ್ಲ. ಮೇಲೆ ಒಣ ಹೊಟ್ಟು ಎಳೆದು ಮುಚ್ಚಿ, ಒಳಗೆ ಓಡಿ ತಾತನ ಕಾಲದ ಹಳೆಯ ನೂಲಿನ ಮೂಟೆಗಳ ಹಿಂದೆ ಅವಿತುಕೂತೆ.

ಮರುದಿನ ಬೆಳಗ್ಗೆ ಯಜಮಾನರೂ ಮುನಿಸಾಮಿಯೂ ಬಂದು ನಿಂತರು. ಅಪ್ಪ ಹೆಡ್ಡನ್ನು ಎತ್ತಿ ಒರೆಸಿ, ಒಳಮೈಗೆ ಸೀಮೆಎಣ್ಣೆ ಸವರಿದ, ಹೊರಗೆ ಸೀಮೆಸುಣ್ಣ ಬಳಿದ. ಬಿರುಕು ಇದ್ದರೆ ಎಣ್ಣೆ ಸುಣ್ಣದ ಮೇಲೆ ಒದ್ದೆ ಗೆರೆಯಾಗಿ ಹೊರಬರುತ್ತದೆ. ಎಲ್ಲರೂ ಬಗ್ಗಿ ನೋಡುತ್ತಿದ್ದರು. ಬೆಸುಗೆಯ ಪಕ್ಕದಲ್ಲಿ, ಮೊದಲು ಏನೂ ಇಲ್ಲದ ಜಾಗದಲ್ಲಿ, ಒಂದು ಕೂದಲೆಳೆ ಮೂಡಿತು. ನೋಡುತ್ತಿದ್ದಂತೆ ಬೆರಳುದ್ದವಾಯಿತು.

ಯಜಮಾನರು ಹೆಡ್ಡಿನಿಂದ ತಲೆ ಎತ್ತಿದರು. ಅವರು ಕೆಟ್ಟವರಲ್ಲ. ಎಲ್ಲಿ ತಪ್ಪಾಯಿತು ಎಂದು ಸರಿಯಾಗಿ ಹೇಳಿದರೆ ಇನ್ನೊಂದು ಸಲ ಮಾಡಲು ಬಿಡುತ್ತೇನೆ ಎಂದರು. ಅಪ್ಪ ಗುಂಡಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಬೂದಿಯೊಳಗೆ ಕೈಹಾಕಿದ. ಬೂದಿ ಒಂದು ಕಡೆ ಗಟ್ಟಿಯಾಗಿತ್ತು. ಒಂದು ಹೆಂಟೆ ಎತ್ತಿ ಬೆರಳಲ್ಲಿ ಪುಡಿಮಾಡಿದ. ಬೆರಳನ್ನು ಮೂಗಿನ ಹತ್ತಿರ ತಂದ. ಆಮೇಲೆ ತಲೆ ಎತ್ತಿ ಬಾಗಿಲ ಸಂದಿಯ ಕಡೆ ನೋಡಿದ. ನನ್ನ ಲಂಗದಲ್ಲಿ ಇನ್ನೂ ಹಳದಿ ಕಲೆ ಇತ್ತು. ಅದನ್ನು ಮುಷ್ಟಿಯಲ್ಲಿ ಮುದುರಿ ಹಿಡಿದೆ.

ಅವನು ಬೂದಿಯನ್ನೆಲ್ಲ ಸರಳಿನಿಂದ ಒಮ್ಮೆ ಕಲಕಿ ಎದ್ದು ನಿಂತ. "ನನ್ನ ಕಣ್ಣು ಮೋಸ ಮಾಡ್ತು ಯಜಮಾನ್ರೇ," ಎಂದ. "ಸೋಪು ಕಂದಿದ್ದು ಕಾಣ್ಲಿಲ್ಲ. ಈಗೀಗ ಸರ್ಯಾಗಿ ಕಾಣಾಕಿಲ್ಲ."

"ಕಣ್ಣು ಪೋಚ್ಚಾ?" ಎಂದರು ಅವರು, ಬೇಸರದಿಂದ. ಮುನಿಸಾಮಿ ಹೆಡ್ಡನ್ನು ಮತ್ತೆ ಗೋಣಿಯಲ್ಲಿ ಸುತ್ತಿದ. ಒಳಗಿನಿಂದ ಅಜ್ಜಿ ಎರಡೂ ಕೈ ಎತ್ತಿ ಮುಗಿದದ್ದು ಕಾಣಿಸಿತು.

ನಾನು ಸಿಕ್ಕಿಬೀಳಲಿಲ್ಲ ಎಂದಷ್ಟೇ ಆಗ ತಿಳಿದದ್ದು. ಅದಕ್ಕಿಂತ ದೊಡ್ಡ ಭಯ ಆಮೇಲೆ ಬಂತು. ಅಪ್ಪನೇ ಹೇಳಿದ ಮೇಲೆ ಅವನ ಕಣ್ಣು ಹೋದದ್ದು ನಿಜವೇ ಇರಬೇಕು. ನಾನು ಕೊಟ್ಟ ನೀರು ತಾಯಿಗೆ ಸಾಲಲಿಲ್ಲ. ಅವನು ಬೀದಿಗೆ ಹೊರಟರೆ ಓಡಿಹೋಗಿ ಕೈಹಿಡಿದುಕೊಳ್ಳುತ್ತಿದ್ದೆ, ಕಲ್ಲು ಬಂದರೆ ಹೇಳುತ್ತಿದ್ದೆ. ಅವನೂ ಸುಮ್ಮನೆ ಹಿಡಿಸಿಕೊಂಡು ಬರುತ್ತಿದ್ದ. 'ಕಣ್ಣು ಹೋದವನ' ಬಾಗಿಲಿಗೆ ಮತ್ತೆ ಬಸ್ಸಿನವರು ಯಾರೂ ಬರಲಿಲ್ಲ. ಅಜ್ಜಿ ಗುಂಡಿ ತೊಳೆಸಿ, ಸಗಣಿ ಸಾರಿಸಿ, ಪೂಜೆ ಮಾಡಿಸಿದಳು. ಅಟ್ಟದಿಂದ ಮಗ್ಗ ಇಳಿಯಿತು. ಮಗ್ಗಕ್ಕೆ ಕೈಯ ಅಭ್ಯಾಸ ಸಾಕು, ಕಣ್ಣು ಬೇಡ ಎಂದು ಅಪ್ಪ ಕಾಲು ಇಳಿಬಿಟ್ಟು ಅಲ್ಲಿ ಕೂತ. ಮೂವತ್ತು ವರ್ಷ ಅಲ್ಲೇ ಕೂತಿದ್ದ. ಗ್ಯಾಸಿನ ನಳಿಗೆ ಗೋಡೆಯ ಮೊಳೆಯಲ್ಲಿ ನೇತಾಡುತ್ತಾ ಕಿಲುಬು ಹಿಡಿಯಿತು. ದಸರೆಯಲ್ಲಿ ಮಾತ್ರ ಅದನ್ನು ಇಳಿಸಿ ಒರೆಸಿ, ಕುಂಕುಮ ಇಟ್ಟು, ಮತ್ತೆ ಅಲ್ಲೇ ತೂಗುಹಾಕುತ್ತಿದ್ದ.

ಅಜ್ಜಿ ಹೋಗಿ ಎಷ್ಟೋ ವರ್ಷದ ಮೇಲೆ ಒಮ್ಮೆ ತವರಿಗೆ ಹೋಗಿದ್ದೆ. ಸಂಜೆ, ಇನ್ನೂ ದೀಪ ಹಚ್ಚಿರಲಿಲ್ಲ, ನನಗೆ ನನ್ನ ಕೈಯೇ ಸರಿಯಾಗಿ ಕಾಣುತ್ತಿರಲಿಲ್ಲ. ಮಗ್ಗದಲ್ಲಿ ಒಂದು ಎಳೆ ಕಡಿಯಿತು. ಅಪ್ಪ ಆ ಸಾವಿರ ಎಳೆಗಳ ನಡುವೆ ಕಡಿದದ್ದನ್ನು ನೋಡಿ ಹಿಡಿದು, ಗಂಟು ಹಾಕಿ, ಬಾಚಣಿಗೆಯಂಥ ಅಚ್ಚಿನ ಹಲ್ಲಿನ ಸಂದಿಯಲ್ಲಿ ಒಂದೇ ಸಲಕ್ಕೆ ತೂರಿಸಿದ. ನಾನು ನಿಂತೇ ಇದ್ದೆ.

"ಅಪ್ಪಾ, ನಿನ್ನ ಕಣ್ಣು..." ಎಂದೆ.

ಅವನು ನನ್ನ ಕಡೆ ತಿರುಗಲಿಲ್ಲ. ಲಾಳಿ ಕೈಯಲ್ಲೇ ಇತ್ತು. "ಭಯದಲ್ಲಿ ಯಾರಾದ್ರೂ ನೀರೇ ಉಯ್ಯೋದು ಮಗಾ," ಎಂದ. "ಓಗು, ದೀಪ ಅಚ್ಚು."

ದೀಪ ಹಚ್ಚಲು ಹೋದೆ. ಮೂರು ಕಡ್ಡಿ ಗೀರಿದರೂ ಹೊತ್ತಲಿಲ್ಲ. ಹೊತ್ತುವ ಹೊತ್ತಿಗೆ ಒಳಗೆ ಮಗ್ಗ ಮತ್ತೆ ಆಡುತ್ತಿತ್ತು, ನಾನು ಹೇಳಬೇಕಾದದ್ದನ್ನು ಹೇಳಲಿಲ್ಲ. ಆಮೇಲೆ ಹೇಳೋಣ ಎಂದುಕೊಂಡೆ. ಮುಂದಿನ ಪೊಂಗಲ್‌ಗೆ ಅವನಿರಲಿಲ್ಲ.

ಆ ಮನೆ ಈಗ ಇಲ್ಲ. ಸಾಲೆಯ ಜಾಗದಲ್ಲಿ ಪವರ್‌ಲೂಮ್ ಶೆಡ್ಡು ಎದ್ದಿದೆ, ಗುಂಡಿಯ ಮೇಲೆ ಸಿಮೆಂಟು. ಮೊನ್ನೆ ಮೊಮ್ಮಗ ಆಚೆ ಹೋದ ಮೇಲೆ ಪೊಟ್ಟಣ ಹಿತ್ತಲಿಗೆ ಒಯ್ದು, ಒಂದು ಬಕೆಟ್ ನೀರಿಗೆ ಆ ಕಲ್ಲುಗಳನ್ನು ಹಾಕಿದೆ. ಗುಳುಗುಳು ಎಂದಿತು, ಅದೇ ವಾಸನೆ ಎದ್ದಿತು. ಚಿಕ್ಕಂದಿನಲ್ಲಿ ಆ ಸದ್ದು ಕೇಳಿದರೆ ಓಡುತ್ತಿದ್ದವಳು ನಾನು. ಮೊನ್ನೆ ಕೊನೆಯ ಗುಳ್ಳೆ ಒಡೆದು ನೀರು ಸುಮ್ಮನಾಗುವವರೆಗೆ ಸೆರಗು ಬಾಯಿಗೆ ಒತ್ತಿಕೊಂಡು ಅಲ್ಲೇ ನಿಂತಿದ್ದೆ.