ಜಟಕಾದ ಹಿಂದೆ ಮೋಟಾರ್ ಸೈಕಲ್

ಮದುವೆಯಾದ ಹೊಸತು. ಹೆಂಡತಿಯನ್ನು ಮೋಟಾರ್ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹಿನಕಲ್‌ನಲ್ಲಿದ್ದ ಅವಳ ಅಕ್ಕನ ಮನೆಗೆ ಹೊರಟಿದ್ದೆ. ಚಾಮರಾಜಪುರಂ ದಾಟುವಷ್ಟರಲ್ಲಿ ಪೊಲೀಸಿನವರೊಬ್ಬರು ಸೀಟಿ ಊದುತ್ತಾ ಓಡಿ ಬಂದು, ಎರಡೂ ಕೈ ಚಾಚಿ ರಸ್ತೆಯ ಮಧ್ಯೆ ನಿಂತುಬಿಟ್ಟರು. ನನಗೆ ರೇಗಿತು. ಗಾಡಿ ನಿಲ್ಲಿಸಿ, "ಲೈಸೆನ್ಸ್ ಇದೆ ಕಣ್ರೀ, ನೋಡಿ" ಎಂದು ಅವರ ಮುಂದೆ ಹಿಡಿದೆ.

"ಅದಿರ್ಲಿ ಸ್ವಾಮಿ, ಅಮ್ಮಾವ್ರ ಸೆರಗು ನೋಡಿ!"

ತಿರುಗಿ ನೋಡಿದೆ. ಸೆರಗಿನ ತುದಿ ಆಗಲೇ ಹಿಂದಿನ ಚಕ್ರದ ಕಡ್ಡಿಗಳಿಗೆ ಸುತ್ತಿಕೊಂಡಿತ್ತು. ಇನ್ನು ಸ್ವಲ್ಪ ದೂರ ಹೋಗಿದ್ದರೂ ಅವಳು ಕೆಳಗೆ ಬೀಳುತ್ತಿದ್ದಳು.

ಅವರು ಧೂಳಿನಲ್ಲೇ ಮಂಡಿಯೂರಿ, ಚಕ್ರವನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸುತ್ತಾ, ಸೀರೆ ಹರಿಯದಂತೆ ಬಿಡಿಸಿದರು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಹೆಂಡತಿ ನಡುಗುತ್ತಿದ್ದುದನ್ನು ಕಂಡು, ದಾರಿಯಲ್ಲಿ ಬರುತ್ತಿದ್ದ ಜಟಕಾವನ್ನು ನಿಲ್ಲಿಸಿದರು.

"ಹೆದರ್ಕೋಬೇಡಿ ತಾಯಿ, ನೀವಿದ್ರಲ್ಲಿ ಹೋಗಿ. ಇವರು ಹಿಂದೇನೇ ಬರ್ತಾರೆ."

ನಾನು ಲೈಸೆನ್ಸನ್ನು ಜೇಬಿಗಿಟ್ಟು ಕೈ ಮುಗಿದೆ. ಅಂಥ ಮನುಷ್ಯನ ಮೇಲೆ ರೇಗಿದ್ದೆನಲ್ಲ ಅನ್ನಿಸಿತು.

ಹಿನಕಲ್‌ವರೆಗೂ ಕುದುರೆಯ ನಡಿಗೆಯಲ್ಲೇ ಗಾಡಿ ಓಡಿಸಿದೆ. ಆದರೂ ಹೆಂಡತಿ ಜಟಕಾದಿಂದ ಇಣುಕಿ ಇಣುಕಿ, "ನಿಧಾನ ಕಣ್ರೀ, ನಿಧಾನ" ಅನ್ನುತ್ತಲೇ ಇದ್ದಳು.