ಜಾಮಿಟ್ರಿ ಬಾಕ್ಸಿನ ಶಂಖ

ಹಳೆಯ ಜಾಮಿಟ್ರಿ ಬಾಕ್ಸಿನಲ್ಲಿ ಸಿಕ್ಕ ಮುಳ್ಳುಮುಳ್ಳಾದ ಪುಟ್ಟ ಶಂಖವನ್ನು ಮಗಳು ಮೊಬೈಲಿನ ಚಿತ್ರಗಳಿಗೆ ಹೋಲಿಸಿ ನೋಡುತ್ತಿದ್ದಳು. ನಾನು ಅದನ್ನು ಮೂಸಿದೆ. ಈಗ ಯಾವ ವಾಸನೆಯೂ ಇಲ್ಲ.

ಚಿಕ್ಕವಳಿದ್ದಾಗ ಮಲ್ಪೆಯಿಂದ ಅದನ್ನು ಬಚ್ಚಿಟ್ಟುಕೊಂಡು ವಿಜಯನಗರದ ಮನೆಗೆ ತಂದಿದ್ದೆ. ಒಳಗಿದ್ದ ಹುಳು ಸತ್ತು, ಎರಡೇ ದಿನಕ್ಕೆ ಮನೆಯೆಲ್ಲ ಮೀನಿನ ನಾತ. ಅಜ್ಜಿ ಸಾಂಬ್ರಾಣಿ ಹೊಗೆ ಹಾಕಿ, ಸೆರಗಿನಿಂದ ಮೂಗು ಮುಚ್ಚಿಕೊಂಡು, ಪಾತ್ರೆ ತೊಳೆಯುತ್ತಿದ್ದ ಸಿದ್ದಮ್ಮನನ್ನು ಗದರಿದರು.

"ಮೀನು ತಿಂದು ಹಾಗೇ ಬರ್ತೀಯಲ್ಲೇ! ನಾಳೆಯಿಂದ ಬರ್ಬೇಡ."

"ಇಲ್ಲಮ್ಮಾ, ದೇವ್ರಾಣೆ" ಎಂದ ಸಿದ್ದಮ್ಮ ತನ್ನ ಕೈಯನ್ನೇ ಮೂಸಿ ನೋಡಿಕೊಂಡಳು. ನಾತ ನನ್ನ ಬಾಕ್ಸಿನದೆಂದು ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ.

"ಅಮ್ಮಾ, ಸಿಕ್ತು! ಈ ಮುಳ್ಳಿನ ಸಾಲು ನೋಡು, ಇದೇ. ಬೇರೆ ಚಿಪ್ಪಿಗೆ ತೂತು ಕೊರೆದು ಒಳಗಿರೋದನ್ನ ತಿನ್ನತ್ತಂತೆ" ಎಂದಳು ಮಗಳು.

ಅದಾದರೂ ಹಸಿದು ತಿನ್ನುತ್ತಿತ್ತು. ಸಿದ್ದಮ್ಮನ ಅನ್ನಕ್ಕೆ ಕಲ್ಲು ಹಾಕಿದ ದಿನ ನನ್ನ ಹೊಟ್ಟೆ ತುಂಬಿತ್ತು.