ಮಿಲಿಮೀಟರ್ ಮೇಷ್ಟ್ರ ಬಾಯಿ

ಮಿಲಿಮೀಟರ್ ಮೇಷ್ಟ್ರು ದುರಹಂಕಾರಿ. ಇಪ್ಪತ್ತಾರು ವರ್ಷ ಊರಿನವರ ಕಣ್ಣಿನ ಊನ ತಿದ್ದಿ, ತನ್ನಲ್ಲಿ ಊನವೆಂಬುದು ಇರಲು ಸಾಧ್ಯವೇ ಇಲ್ಲವೆಂಬ ತೀರ್ಮಾನಕ್ಕೆ ಬಂದಿದ್ದ ಮನುಷ್ಯ. ಪಾಠ ಹೇಳುವ ಮೇಷ್ಟ್ರಲ್ಲ. ಕನ್ನಡಕದ ಅಂಗಡಿಯಲ್ಲಿ ಅಳತೆ ತೆಗೆಯುವವರು. ಯಾರೇ ಎದುರಾಗಲಿ, "ನಿಮ್ಮ ಎಡಗಿವಿ ಬಲಗಿವಿಗಿಂತ ನಾಲ್ಕು ಮಿಲಿಮೀಟರ್ ಕೆಳಗಿದೆ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದುದರಿಂದ ಆ ಹೆಸರು ಅಂಟಿತ್ತು. ತಂಗಿಯ ಗಂಡನನ್ನೂ ಬಿಟ್ಟಿರಲಿಲ್ಲ. ಆತ ಅಂದಿನಿಂದ ಕಿವಿ ಮುಚ್ಚುವಷ್ಟು ಕೂದಲು ಬೆಳೆಸಿದ.

ಮೇಲೆ ದೂರದ ನೋಟಕ್ಕೆ, ಕೆಳಗೆ ಓದಿಗೆ ಎಂದು ಎರಡು ಭಾಗವಿರುವ ಕನ್ನಡಕದ ಅಳತೆ ನಾಜೂಕಿನ ಕೆಲಸ. ಗಿರಾಕಿ ಮತ್ತು ಮೇಷ್ಟ್ರು ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂರಬೇಕು. ಗಿರಾಕಿ ತಲೆ ನೆಟ್ಟಗಿಟ್ಟು ಮೇಷ್ಟ್ರ ಕಣ್ಣನ್ನೇ ನೋಡಬೇಕು. ಆಗ ಕೆಳರೆಪ್ಪೆಯ ಮಟ್ಟಕ್ಕೆ ಗಾಜಿನ ಮೇಲೆ ಪೆನ್ನಿನಿಂದ ಗೆರೆ ಹಾಕಬೇಕು. ಓದುವ ಭಾಗ ಅಲ್ಲಿಂದ ಶುರು. ಗಿರಾಕಿಯ ತಲೆ ಹಿಂದಕ್ಕೆ ವಾಲಿದರೆ ಗೆರೆ ಕೆಳಗೆ ಬೀಳುತ್ತದೆ. ಇಬ್ಬರ ಮುಖದ ನಡುವೆ ಗೇಣಿನಷ್ಟೇ ಜಾಗ. ಅಳತೆಗಾರನ ಆ ಕುರ್ಚಿಯಲ್ಲಿ ಮೇಷ್ಟ್ರ ಹೊರತು ಬೇರೆ ಯಾರೂ ಕೂತದ್ದಿಲ್ಲ. ಊಟದ ಹೊತ್ತಿನಲ್ಲೂ ಮೇಷ್ಟ್ರು ಅದರ ಮೇಲೆ ಕರವಸ್ತ್ರ ಹಾಸಿ ಹೋಗುತ್ತಿದ್ದರು.

ಒಂದು ಸೋಮವಾರ ಅಂಗಡಿಯ ಯಜಮಾನ, ಮೇಷ್ಟ್ರಿಗಿಂತ ಹತ್ತು ವರ್ಷ ಚಿಕ್ಕವನು, ಕೆಮ್ಮಿ ಗಂಟಲು ಸರಿಮಾಡಿಕೊಂಡ.

"ಮೇಷ್ಟ್ರೇ, ನಾಳೆಯಿಂದ ನೀವು ಹಿಂದಿನ ಕೋಣೆಗೆ ಹೋಗಿ. ಗಾಜು ಉಜ್ಜೋ ಕೆಲಸ. ಅಳತೆಗೆ ಅವರು ಕೂರ್ತಾರೆ."

'ಅವರು' ಎಂದರೆ ಒಂಬತ್ತು ವರ್ಷದಿಂದ ಹಿಂದಿನ ಕೋಣೆಯಲ್ಲಿ ಅಳತೆಯ ಗೆರೆಗೆ ತಕ್ಕಂತೆ ಗಾಜು ಉಜ್ಜುತ್ತಿದ್ದ ಹೆಂಗಸು.

"ಕನ್ನಡಕಗಳು ವಾಪಸ್ ಬರ್ತಿರೋದಕ್ಕಾ?" ಮೇಷ್ಟ್ರು ದನಿ ಏರಿಸಿದರು. "ಉಜ್ಜೋ ಕೈ ಸರಿಯಿಲ್ಲ ಅಂತ ನಾನು ಎಷ್ಟು ಸಲ ಹೇಳಿಲ್ಲ! ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ."

ಆಕೆ ಒಂದು ತಟ್ಟೆಯಲ್ಲಿ ಹನ್ನೊಂದು ಕನ್ನಡಕ ಜೋಡಿಸಿ ತಂದು ಮೇಜಿನ ಮೇಲಿಟ್ಟಳು.

"ಹನ್ನೊಂದನ್ನೂ ನೀವು ಹಾಕಿದ ಗೆರೆಗೇ ಉಜ್ಜಿದ್ದೀನಿ ಮೇಷ್ಟ್ರೇ. ಗೆರೆಗಳೇ ಮೂರು ಮಿಲಿಮೀಟರ್ ಕೆಳಗಿವೆ. ಪೇಪರ್ ಓದ್ಬೇಕು ಅಂದ್ರೆ ಈ ಜನ ಗದ್ದ ಎತ್ತಿ ಸೂರು ನೋಡ್ಬೇಕು."

"ಹನ್ನೊಂದು ಜನರೂ ತಲೆ ಹಿಂದಕ್ಕೆ ಹಾಕಿ ಕೂತಿದ್ರಾ?"

"ಕೂತಿದ್ರು. ಉಸಿರು ಹಿಡ್ಕೊಂಡು. ಈ ತಿಂಗಳು ಎರಡೇ ಎರಡು ಜೋಡಿ ಸರಿಯಾಗಿ ಬಂದಿವೆ. ಆ ಇಬ್ಬರಿಗೂ ನೆಗಡಿಯಾಗಿತ್ತು."

ಮೇಷ್ಟ್ರಿಗೆ ಆಗಲೂ ಅರ್ಥವಾಗಲಿಲ್ಲ. ಯಜಮಾನ ಮೇಜಿನ ಮೂಲೆ ನೋಡುತ್ತ ಹೇಳಿದ: "ನಿಮ್ಮ ಬಾಯಿ ವಾಸನೆ, ಮೇಷ್ಟ್ರೇ."

ಉತ್ತರ ಕೊಡಲು ಅವರು ಬಾಯಿ ತೆರೆದರು. ಎದುರಿದ್ದ ಎರಡೂ ತಲೆಗಳು ತುಸು ಹಿಂದೆ ಸರಿದವು. ಅಳತೆಗಾರನ ಕಣ್ಣು, ಎಷ್ಟು ಸರಿದವೆಂದು ಅದಕ್ಕೆ ತಕ್ಷಣ ತಿಳಿಯಿತು. ನೆತ್ತಿಯ ಮೇಲೆ ಕುದಿನೀರು ಸುರಿದಂತಾಗಿ, ಅವರು ಅಂಗೈಯಿಂದ ಬಾಯಿ ಮುಚ್ಚಿಕೊಂಡರು.

"ಸರಿ ಮಾಡ್ಕೊಂಡು ಬನ್ನಿ, ಕುರ್ಚಿ ನಿಮ್ಮದೇ," ಎಂದ ಯಜಮಾನ. "ಆಗ್ಲಿಲ್ಲ ಅಂದ್ರೆ ಹಿಂದಿನ ಕೋಣೆಯೇ ಖಾಯಂ."

ಮನೆಗೆ ಬಂದವರೇ ಹೆಂಡತಿಯನ್ನು ಕೇಳಿದರು: "ನನ್ನ ಬಾಯಿ ವಾಸನೆ ಬರುತ್ತೇನೇ?"

ಆಕೆ ಮಡಚುತ್ತಿದ್ದ ಬಟ್ಟೆ ಕೆಳಗಿಡಲಿಲ್ಲ. "ಆರು ವರ್ಷದಿಂದ ಗೋಡೆ ಕಡೆ ತಿರುಗಿ ಮಲಗ್ತೀನಲ್ಲ, ಗೋಡೆ ಮೇಲಿನ ಪ್ರೀತಿಗಾ?"

"ಆರು ವರ್ಷ! ಬಾಯಿಬಿಟ್ಟು ಹೇಳ್ಬಾರದಿತ್ತಾ?"

"ಹೇಳಿದ್ದೆ ರೀ. ನಿನ್ನ ಮೂಗೇ ಸರಿಯಿಲ್ಲ ಅಂತ ನನ್ನನ್ನ ಮೂಗಿನ ಡಾಕ್ಟ್ರ ಹತ್ರ ಎಳ್ಕೊಂಡು ಹೋದ್ರಿ. ಮರೆತ್ರಾ? ಎರಡು ವಾರ ಹನಿ ಔಷಧಿ ಬಿಟ್ಕೊಂಡೆ, ನೆಟ್ಟಗಿದ್ದ ಮೂಗಿಗೆ!"

ಮೇಷ್ಟ್ರು ಹಾಸಿಗೆಯ ತುದಿಯಲ್ಲಿ ಕುಳಿತುಬಿಟ್ಟರು. ದಿನಕ್ಕೆರಡು ಸಲ ರಕ್ತ ಬರುವಷ್ಟು ಹಲ್ಲುಜ್ಜುವ ಮನುಷ್ಯ ತಾನು! ಜೇಬಿನ ತುಂಬ ಪುದೀನ ಪೆಪ್ಪರ್‌ಮಿಂಟ್ ಬೇರೆ. ಅಂಗೈಗೆ ಊದಿ ಮೂಸಿದರು. ಏನೂ ಇರಲಿಲ್ಲ.

"ಏನೂ ಇರಲ್ಲ," ಎಂದರು ಮರುದಿನ ಹಲ್ಲಿನ ಡಾಕ್ಟರು, ಮೇಷ್ಟ್ರಿಗೆ ಮಗಳಾಗುವ ವಯಸ್ಸಿನ ಹುಡುಗಿ. "ಮೂಗು ತನ್ನ ಮನೆಯ ವಾಸನೆಗೆ ಒಗ್ಗಿ ಹೋಗುತ್ತೆ. ಬಾಯಿ ತೆಗೀರಿ."

ಆಕೆ ಹಿಂದಿನ ಎರಡು ದವಡೆ ಹಲ್ಲುಗಳ ನಡುವೆ ದಾರವೊಂದನ್ನು ತೂರಿಸಿ, ಎಳೆದು, ಅವರ ಮೂಗಿನ ಕೆಳಗೆ ಹಿಡಿದಳು. ಮೇಷ್ಟ್ರು ತಲೆಯನ್ನು ಹಿಂದಕ್ಕೆಸೆದ ರಭಸಕ್ಕೆ ಕುರ್ಚಿಯ ದಿಂಬು ಜಾರಿಬಿತ್ತು. ಕೊಳೆತ ಮೊಟ್ಟೆಯ ನಾತ. ತನ್ನೊಳಗಿನದು. ಇದನ್ನು ಅವರು ಸಾವಿರಾರು ಜನರ ಮುಖಕ್ಕೆ, ಗೇಣು ದೂರದಿಂದ, ಮರ್ಯಾದಸ್ಥರಂತೆ ಊದಿದ್ದರು.

"ಉಜ್ಜಿದ್ದು ಹಲ್ಲಿನ ಮುಖವನ್ನ ಮಾತ್ರ," ಎಂದಳು ಆಕೆ. "ಸಂದಿಯಲ್ಲಿ ಉಳಿದ ಅನ್ನವನ್ನ ಕ್ರಿಮಿಗಳು ತಿಂದು ಈ ಗಾಳಿ ಬಿಡ್ತಾವೆ. ಒಸಡಿನ ಕೆಳಗೆ ಕೊಳೆ ಗಟ್ಟಿಯಾಗಿ ಗಾರೆ ಕಟ್ಟಿದೆ, ಅದಕ್ಕೇ ರಕ್ತ. ನಾಲಿಗೆಯ ಹಿಂಭಾಗ ಬೆಳ್ಳಗಿದೆ, ಕೆರೆದೇ ಇಲ್ಲ. ಈ ಕಟ್ಟಿಸಿದ ಮೂರು ಹಲ್ಲು, ಮಲಗೋವಾಗ ತೆಗೀತೀರಾ?"

"ಇಲ್ಲ."

"ಚಪ್ಪಲಿ ಹಾಕ್ಕೊಂಡು ಮಲಗ್ತೀರಾ?"

ಮೇಷ್ಟ್ರಿಗೆ ಈ ರೀತಿ ಮಾತಾಡಿದವರು ಯಾರೂ ಇರಲಿಲ್ಲ. ತಿರುಗಿ ಮಾತಾಡುವ ಹಾಗೂ ಇರಲಿಲ್ಲ. ಬಾಯಲ್ಲಿ ಆಗಲೇ ಡಾಕ್ಟರ ಕನ್ನಡಿ ಇತ್ತು.

"ನೀರು ಎಷ್ಟು ಕುಡೀತೀರಾ? ಯಾವುದಾದ್ರೂ ಮಾತ್ರೆ?"

ಕುರ್ಚಿ ಬಿಟ್ಟೇಳಬೇಕಾದೀತೆಂದು ಮೇಷ್ಟ್ರು ಸಂಜೆಯವರೆಗೆ ನೀರು ಮುಟ್ಟುತ್ತಿರಲಿಲ್ಲ. ರಕ್ತದೊತ್ತಡದ ಮಾತ್ರೆ ಆರು ವರ್ಷದ್ದು.

"ಕೆಲವು ಮಾತ್ರೆಗಳಿಂದ ಬಾಯಿ ಒಣಗುತ್ತೆ. ಎಂಜಲು ಇಲ್ಲದ ಬಾಯಿ ನಾರುತ್ತೆ. ಹಾಗಂತ ನೀವೇ ನಿಲ್ಲಿಸ್ಬೇಡಿ, ಕೊಟ್ಟವರನ್ನ ಕೇಳಿ. ಪೆಪ್ಪರ್‌ಮಿಂಟ್ ಬಿಡಿ, ಆ ಸಕ್ಕರೆ ಕ್ರಿಮಿಗಳಿಗೆ ಊಟ. ಇಷ್ಟೆಲ್ಲ ಮಾಡಿಯೂ ಹೋಗದಿದ್ರೆ ಗಂಟಲು, ಮೂಗು, ಹೊಟ್ಟೆ, ಸಕ್ಕರೆ ಕಾಯಿಲೆ ಎಲ್ಲ ನೋಡಿಸೋಣ. ಆದ್ರೆ ನೂರರಲ್ಲಿ ಎಂಬತ್ತು ಜನರಿಗೆ ಕಾರಣ ಬಾಯಲ್ಲೇ ಇರುತ್ತೆ."

ಡಾಕ್ಟರು ಎರಡು ಸಲ ಕೂರಿಸಿ ಗಾರೆ ಕೆರೆದರು. ಮೇಷ್ಟ್ರು ಹಗಲು ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿದರು. ಮನೆಯಲ್ಲಿ ಹಲ್ಲಿನ ಸಂದಿಗೆ ದಾರ, ನಾಲಿಗೆಗೆ ಕೆರೆಯುವ ಪಟ್ಟಿ, ಕಟ್ಟಿಸಿದ ಹಲ್ಲಿಗೆ ನೀರಿನ ಬಟ್ಟಲು. ಪ್ರತಿ ಬಾರಿ ದಾರವನ್ನು ಮೂಸಿ ನೋಡಿದರು, ಪ್ರತಿ ಬಾರಿ ಹೌಹಾರಿದರು. ಬೀದಿಯಲ್ಲಿ ಹಳೆಯ ಗಿರಾಕಿಗಳು ಕಂಡರೆ ಎದುರು ಬದಿಗೆ ದಾಟಿದರು. ಇವರಿಗೆಲ್ಲ ಗೊತ್ತಿತ್ತು. ಕಿವಿ ಡೊಂಕೆಂದು ತಾನು ಹೇಳಿದಾಗ ತೆಪ್ಪಗೆ ಕೇಳಿಸಿಕೊಂಡು, ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಹೋಗಿದ್ದರು. ಅವರ ಆ ಮರ್ಯಾದೆ ನೆನೆದಷ್ಟೂ ಮೇಷ್ಟ್ರಿಗೆ ನಾಚಿಕೆಯಾಗುತ್ತಿತ್ತು.

ಮೂರನೆಯ ವಾರ ಯಜಮಾನ ಎರಡು ಮಾರು ದೂರದಲ್ಲಿ ನಿಂತು ಕರೆದ: "ಬನ್ನಿ ಮೇಷ್ಟ್ರೇ, ಕೂತ್ಕೊಳ್ಳಿ. ಈಗೇನೂ ಇಲ್ಲ."

ಹೊರಗೆ ಗಿರಾಕಿಯೊಬ್ಬರು ಕಾಯುತ್ತಿದ್ದರು. ಹೆಂಗಸು ಕುರ್ಚಿಯಿಂದ ಎದ್ದಳು. ಮೇಷ್ಟ್ರು ಕೂರಲಿಲ್ಲ. ಆಕೆಯ ಮುಖಕ್ಕೆ ಗೇಣು ದೂರ ಬಗ್ಗಿ, 'ಹಾ' ಎಂದು ಉಸಿರು ಬಿಟ್ಟರು.

"ಇದೆಯಾ?"

ಆಕೆ ಯಜಮಾನನನ್ನು ನೋಡಿದಳು.

"ಅವನನ್ನ ನೋಡ್ಬೇಡ. ಹೇಳು."

"ಸ್ವಲ್ಪ ಇದೆ, ಮೇಷ್ಟ್ರೇ."

"ಅಷ್ಟಿಷ್ಟು ನಡೆಯುತ್ತೆ ಬಿಡಿ," ಎಂದ ಯಜಮಾನ.

ಮೇಷ್ಟ್ರು ಇಲ್ಲವೆಂದು ತಲೆಯಾಡಿಸಿದರು. ಮೇಜಿನ ಮೇಲಿದ್ದ ಗೆರೆ ಹಾಕುವ ಪೆನ್ನನ್ನು ಆಕೆಯ ಕೈಗಿತ್ತು, "ಕೂತ್ಕೋಮ್ಮಾ, ಗಿರಾಕಿ ಕಾಯ್ತಿದ್ದಾರೆ" ಎಂದು ಹಿಂದಿನ ಕೋಣೆಗೆ ನಡೆದರು.